ಗಡ್ಡೆಗೆ ಇಟ್ಟ ಸಕ್ಕರೆ

ಜಕಾರ್ತಾ, ಮಂಗಳವಾರ

ಸುಮಿನೆಮ್ ಅಕ್ಕಾ,

ನಿನ್ನೆ ರಾತ್ರಿ ಹೊಟ್ಟೆಯೊಳಗೆ ದೀಪ ಉರಿಯೋ ಕೆಟ್ಟ ಕನಸು ಬಿತ್ತು. ಬೆಳಿಗ್ಗೆ ಆಸ್ಪತ್ರೇಲಿ, ಚಿಕಿತ್ಸೆ ಆದ್ಮೇಲೆ ನನ್ನ ಗಡ್ಡೆ ಹೋಗಿದೆಯಾ ಅಂತ ನೋಡೋಕೆ, ನರ್ಸಮ್ಮ ಸೀಸದ ಡಬ್ಬಿಯಿಂದ ಸೂಜಿ ತೆಗೆದು ಚುಚ್ಚಿ, ಗೋಡೆ ಹಿಂದೆ ಓಡಿದಳು.

"ಔಷಧಿಯಾದ್ರೆ ಓಡೋದ್ಯಾಕಮ್ಮಾ?" ಅಂದೆ.

"ನಿಮಗೆ ಇವತ್ತೊಂದಿನ ಅಷ್ಟೇ, ಅಜ್ಜಿ; ನನಗೆ ದಿನಾ ಇದರ ನಂಟು! ಇದು ವಿಕಿರಣದ ಸಕ್ಕರೆ. ಗಡ್ಡೆ ಉಳಿದಿದ್ರೆ ಇದನ್ನ ತಿಂದು ಫೋಟೋದಲ್ಲಿ ಹೊಳೀತದೆ. ಅದಕ್ಕೇ ಹಸಿದ ಹೊಟ್ಟೇಲಿ ಬನ್ನಿ ಅಂದಿದ್ದು."

ಹೊರಡೋ ಮುಂಚೆ, ಇಳಿದುಕೊಂಡ ಮನೆಯವರು ಕೊಟ್ಟ ಸಿಹಿ ಟೀ ಬೇಡ ಅನ್ನೋಕಾಗದೆ ಲೋಟ ಖಾಲಿ ಮಾಡಿದ್ದೆ. ಅನ್ನ ಮುಟ್ಟಿಲ್ಲವಲ್ಲ ಅಂತ ಟೀ ವಿಷಯ ನರ್ಸಮ್ಮನಿಗೆ ಹೇಳಲಿಲ್ಲ. ಸಂಜೆ ಡಾಕ್ಟರು "ಎಲ್ಲೂ ಹೊಳೆದಿಲ್ಲ, ಗಡ್ಡೆ ಹೋಗಿದೆ" ಅಂದರು. ನಂಗೆ ನಂಬಿಕೆಯಿಲ್ಲ. ಅದು ನನ್ನ ಟೀಯಲ್ಲೇ ಹೊಟ್ಟೆ ತುಂಬಿಸ್ಕೊಂಡು ಅಡಗಿ ಕೂತಿತ್ತೋ ಏನೋ!

ಜ್ವರವಿಲ್ಲ, ಊಟ ಸೇರ್ತದೆ. ಬಸ್ಸು ಬಂತು.

ನಿನ್ನ ಪೊನಿಯೆಮ್

ನನ್ನ ಹೆಸರೆತ್ತದೆ ಊರಿನ ಆರೋಗ್ಯ ಕೇಂದ್ರದಲ್ಲಿ ಒಂದ್ಸಲ ಕೇಳು: ಹಸಿದ ಹೊಟ್ಟೆ ಅಂದ್ರೆ ಟೀನೂ ಕುಡೀಬಾರದಿತ್ತಾ?