ತಾನಾಗಿ ಮುಚ್ಚಬೇಕಾದ ಗೇಟು

೧೩ ಡಿಸೆಂಬರ್ ೨೦೧೫, ಭಾನುವಾರ

ಅನ್ಯಾಯ ನಡೆದದ್ದು ನಿನ್ನೆ, ಮಧ್ಯಾಹ್ನ ಮೂರೂಕಾಲಿಗೆ. ಪಕ್ಕದ ಮನೆಯ ಮರ್ವ್‌ನ ಮೊಮ್ಮಗಳು ಪೋಸಿ, ಮೂರು ವರ್ಷ, ನನ್ನ ಹಿತ್ತಲಿನ ಈಜುಕೊಳಕ್ಕೆ ಬಿದ್ದಳು. ಎತ್ತಿದೆ. ಕೊಳದ ಬೇಲಿಗೆ ತೂಗುಹಾಕಿದ ಪ್ರಥಮ ಚಿಕಿತ್ಸೆಯ ಫಲಕದಲ್ಲಿ ಇದ್ದಂತೆಯೇ ಎದೆ ಒತ್ತಿದೆ, ಉಸಿರು ಊದಿದೆ. ಕೆಮ್ಮಿದಳು. ಹೆಲಿಕಾಪ್ಟರ್‌ನಲ್ಲಿ ಸಿಡ್ನಿಗೆ ಒಯ್ದರು.

ಹೊಣೆ ನಮ್ಮೂರ ಕೌನ್ಸಿಲ್‌ನದು. ಎರಡು ವರ್ಷದ ಹಿಂದೆ ಮನೆಮನೆಯ ಕೊಳವನ್ನೂ ನೋಂದಾಯಿಸಿ ಎಂದರು. ನೋಂದಾಯಿಸಿದೆ. ಒಬ್ಬರಾದರೂ ಬಂದು ನೋಡಿದರೇ? ನಾಳೆಯೇ ಪತ್ರ.

ಬೆಳಿಗ್ಗೆ ಕೊಳದ ಎಲೆ ತೆಗೆಯಲು ಹೋದೆ. ಗೇಟಿನವರೆಗೆ ಮಾತ್ರ.

೧೪ ಡಿಸೆಂಬರ್

ಪತ್ರ ಮೂರು ಪುಟ. ತೊಂಬತ್ತೆಂಟರ ಚರಂಡಿ ಹಗರಣವನ್ನೂ ಸೇರಿಸಿದೆ. ಅವರು ಮರೆತಿರಬಹುದು, ನಾನು ಮರೆತಿಲ್ಲ.

ಬೇರೊಂದು ಕೆಲಸವನ್ನೂ ಮಾಡಿದೆ. ಅದನ್ನು ಬರೆಯುವುದಿಲ್ಲ.

೧೬ ಡಿಸೆಂಬರ್, ಬುಧವಾರ

ಕೌನ್ಸಿಲ್‌ನಿಂದ ಬೇಲಿ ತಪಾಸಣೆಗೆ ಒಬ್ಬಾಕೆ ಬಂದಳು. ಹೆಸರು ರಾದ್ಮಿಲಾ. ಗೇಟನ್ನು ಪೂರ್ತಿ ತೆರೆದು ಕೈಬಿಟ್ಟಳು. ಢಣ್! ಮುಚ್ಚಿತು. ಮತ್ತೆ ತೆರೆದಳು. ಢಣ್!

"ಗೇಟಲ್ಲೇನೂ ತಪ್ಪಿಲ್ಲ, ಲಿಂಡ್ಸೆ. ಆ ಕಡೆ, ಪಕ್ಕದ ಮನೆ ಹಿತ್ತಲಲ್ಲಿ, ಬೇಲಿಗೆ ಒತ್ತಿ ಕುರ್ಚಿ ಇದೆ ನೋಡಿ. ಮಗು ಅದನ್ನ ಹತ್ತಿ ಹಾರಿರ್ಬೇಕು."

ಆ ಕುರ್ಚಿ ಮರ್ವ್‌ನ ಮಗಳು, ಪೋಸಿಯ ಅಮ್ಮ ಟ್ಯಾಮ್ಸಿನ್‌ಳದು. ಬಟ್ಟೆ ಒಣಹಾಕಿ ಅಲ್ಲೇ ಬಿಟ್ಟಿದ್ದಳು.

ಚಹಾ ಬೇಕೇ ಎಂದು ರಾದ್ಮಿಲಾಳನ್ನು ಕೇಳಿದೆ. ಅವಳು ಕುರ್ಚಿಯ ಫೋಟೋ ತೆಗೆದುಕೊಂಡಳು.

೨೪ ಡಿಸೆಂಬರ್

ಪೋಸಿ ಮನೆಗೆ ಬಂದಿದ್ದಾಳೆ. ಮರ್ವ್ ಒಂದು ಬುಟ್ಟಿ ನಿಂಬೆಹಣ್ಣು ಹಿಡಿದು ಬಂದ.

"ಮೇಷ್ಟ್ರೇ, ಐಸ್‌ಕ್ರೀಮ್ ತಡ ಆಯ್ತು ಅಂತ ನರ್ಸ್‌ಗೇ ಬೈದ್ಳಂತೆ! ಥೇಟ್ ನಿಮ್ಮ ಥರ. ಪತ್ರ ಬರೆಯೋದೊಂದು ಬಾಕಿ."

ನಕ್ಕೆವು. ಆಮೇಲೆ ಅವನ ಮುಖ ಇಳಿಯಿತು.

"ಟ್ಯಾಮ್ಸಿನ್ ಜೊತೆ ಮಾತು ಬಿಟ್ಟಿದೀನಿ. ಒಂದು ಕುರ್ಚಿ ಎತ್ತಿಡೋಕೆ ಆಗ್ಲಿಲ್ವಲ್ಲ ಮಾರಾಯ್ರೇ. ಮಗುವಿನ ಅಪ್ಪ ಬೇರೆ ವಕೀಲರ ಹತ್ರ ಹೋಗ್ತೀನಿ ಅಂತಿದಾನೆ. ಮಗೂನ ತನ್ನ ಹತ್ರಾನೇ ಇಟ್ಕೋತಾನಂತೆ."

"ಪಾಪ, ಅವಳಿಗೇನು ಗೊತ್ತು..." ಎಂದೆ. ಅಷ್ಟೇ ಎಂದೆ.

ನಿಂಬೆಗಿಡಗಳಿರುವ ಜಾಗದಲ್ಲಿ ಮೊದಲು ಅವನ ಕೊಳವಿತ್ತು. ಅದರ ಗೇಟಿನ ಚಿಲಕ ಎತ್ತರ ಸಾಲದು ಎಂದು ೨೦೦೯ರಲ್ಲಿ ನಾನೇ ದೂರು ಕೊಟ್ಟೆ. ನಾಲ್ಕು ಪತ್ರ. ಕೌನ್ಸಿಲ್‌ಗೆ ಅಲೆದು ಅಲೆದು ಸಾಕಾಗಿ, ಅವನು ಕೊಳಕ್ಕೆ ಮಣ್ಣು ತುಂಬಿಸಿಬಿಟ್ಟ. ಒಂದು ವಾರ ಖುಷಿಯಲ್ಲಿದ್ದೆ.

ಕೊಳ ಅವನ ಹಿತ್ತಲಲ್ಲೇ ಇದ್ದಿದ್ದರೆ ಮಗು ನನ್ನ ಹಿತ್ತಲಿಗೆ ಯಾಕೆ ಬರುತ್ತಿತ್ತು?

೮ ಜನವರಿ ೨೦೧೬

ಹದಿನೈದು ದಿನ ಈ ಪುಸ್ತಕ ತೆರೆಯಲಿಲ್ಲ.

ಕೌನ್ಸಿಲ್‌ನಿಂದ ಫೋನ್. ಇಪ್ಪತ್ತಾರಕ್ಕೆ, ಆಸ್ಟ್ರೇಲಿಯಾ ದಿನದ ಸಮಾರಂಭದಲ್ಲಿ, ಪ್ರಾಣ ಉಳಿಸಿದ್ದಕ್ಕೆ ನನಗೆ ಪ್ರಶಸ್ತಿಪತ್ರ. ಎರಡು ಮಾತು ಆಡಬೇಕಂತೆ. ಬೇಡ ಎನ್ನಲು ಬಾಯಿ ತೆರೆದೆ, "ಥ್ಯಾಂಕ್ಯೂ" ಬಂತು.

೧೯ ಜನವರಿ

ಇಲ್ಲಿಯೂ ಬರೆಯದಿದ್ದರೆ ಇನ್ನೆಲ್ಲಿ.

೨೦೧೧ರ ಬೇಸಿಗೆ. ತಂಗಿಯ ಮಕ್ಕಳು ಬಂದಿದ್ದರು. ಹೋಗುವಾಗ ಢಣ್, ಬರುವಾಗ ಢಣ್. ನಾನು ವರಾಂಡದಲ್ಲಿ ರೋಮ್ ಪತನದ ಮೇಲೊಂದು ದಪ್ಪ ಪುಸ್ತಕ ಓದುತ್ತಿದ್ದೆ. ಎದ್ದುಹೋಗಿ, ಸ್ಕ್ರೂಡ್ರೈವರ್ ತಂದು, ಗೇಟಿನ ಸ್ಪ್ರಿಂಗ್ ಬಿಚ್ಚಿದೆ. ಅಡುಗೆಮನೆಯ ಡ್ರಾಯರ್‌ಗೆ ಹಾಕಿದೆ. ಆಹಾ, ಎಂಥ ನಿಶ್ಶಬ್ದ.

೨೯ ಅಕ್ಟೋಬರ್ ೨೦೧೩. ಚಹಾ ಕುಡಿಯುತ್ತಾ ಕಂಪ್ಯೂಟರ್‌ನಲ್ಲಿ ನೋಂದಣಿ. ಬೇಲಿ ನಾವೇ ನೋಡಿ ನಾವೇ ಹೇಳಬೇಕು. 'ಗೇಟು ತಾನಾಗಿ ಮುಚ್ಚಿ ಚಿಲಕ ಬೀಳುತ್ತದೆಯೇ?' ಹೌದು ಎಂದು ಗುರುತು ಹಾಕಿದೆ. ಕುರ್ಚಿಯಿಂದ ಎದ್ದಿರಲಿಲ್ಲ. ಸ್ಪ್ರಿಂಗ್ ಶನಿವಾರ ಹಾಕಿದರಾಯಿತು ಅಂದುಕೊಂಡೆ. ನೂರಕ್ಕೂ ಹೆಚ್ಚು ಶನಿವಾರ ಹೋದವು. ಮಕ್ಕಳಿಗೆ ಮೂವತ್ತೊಂದು ವರ್ಷ ಇತಿಹಾಸ ಹೇಳಿಕೊಟ್ಟವನು.

ಮಗು ಕುರ್ಚಿ ಹತ್ತಲಿಲ್ಲ. ನಾನು ಓಡಿದಾಗ ಗೇಟು ಹಾರುಹೊಡೆದಿತ್ತು. ಅದರ ಪಕ್ಕ ಒಂದು ಪುಟ್ಟ ಚಪ್ಪಲಿ.

ಡಿಸೆಂಬರ್ ೧೪ರಂದು ಮಾಡಿದ 'ಬೇರೊಂದು ಕೆಲಸ' ಇದು: ಡ್ರಾಯರ್‌ನಿಂದ ಸ್ಪ್ರಿಂಗ್ ತೆಗೆದು ಮತ್ತೆ ಗೇಟಿಗೆ ಹಾಕಿದೆ.

೨೩ ಜನವರಿ, ಶನಿವಾರ

ಟ್ಯಾಮ್ಸಿನ್ ಬೇಲಿಯ ಆಚೆ ನಿಂತಿದ್ದಳು. ಹಾಯ್ ಎಂದೆ.

"ಅಂಕಲ್, ಆ ಕುರ್ಚಿ ನಾನು ಅಷ್ಟು ಹತ್ರ ಬಿಟ್ಟಿದ್ನಾ? ನಿಜವಾಗ್ಲೂ ನಂಗೆ ನೆನಪಾಗ್ತಿಲ್ಲ. ನೀವು ನೋಡಿದ್ರಾ?"

ಎಲ್ಲವನ್ನೂ ನೆನಪಿಟ್ಟುಕೊಳ್ಳುವವನು ನಾನು. "ಗಮನಿಸ್ಲಿಲ್ಲಮ್ಮ" ಎಂದೆ.

೨೬ ಜನವರಿ, ಬೆಳಿಗ್ಗೆ ೮.೧೦

ಟೈ ಕಟ್ಟಿದ್ದೇನೆ. ಹೊರಗೆ ಮರ್ವ್ ಹಾರ್ನ್ ಹೊಡೆಯುತ್ತಿದ್ದಾನೆ. "ಮೇಷ್ಟ್ರೇ, ಮದುಮಗನ ಅಲಂಕಾರ ಮುಗೀತಾ?" ಹಿಂದಿನ ಸೀಟಿನಲ್ಲಿ ಟ್ಯಾಮ್ಸಿನ್, ಪಕ್ಕದಲ್ಲಿ ಪೋಸಿ. ಟ್ಯಾಮ್ಸಿನ್ ಮುಂದೆ ಅಪ್ಪನ ಪಕ್ಕ ಕೂತಿಲ್ಲ.

ನಾಲ್ಕು ಸಾಲಿನ ಭಾಷಣ ಹರಿದುಹಾಕಿದೆ. ಕೌನ್ಸಿಲ್‌ನವರು ತಪಾಸಣೆಗೆ ಯಾಕೆ ಬರಲಿಲ್ಲ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದನ್ನು ಮೈಕಿನಲ್ಲಿ, ಟ್ಯಾಮ್ಸಿನ್‌ಗೆ ಕೇಳಿಸುವಂತೆ ಕೇಳುತ್ತೇನೆ. ಉತ್ತರ, ಪತ್ರದಲ್ಲಿ ಬೇಡ, ಅಲ್ಲೇ, ಎಲ್ಲರೆದುರು ಬೇಕು: ಲಿಂಡ್ಸೆ ಕತ್‌ಬರ್ಟ್, ಆ ಗೇಟಿನ ಸ್ಪ್ರಿಂಗ್ ಬಿಚ್ಚಿದ್ದು ಯಾರು, ಹೌದು ಎಂದು ಗುರುತು ಹಾಕಿದ್ದು—