ಜ್ವರ ಬಂದವರ ಬಸ್ಸು

ಅತ್ತೆಯವರಿಗೆ,

ನಿಮ್ಮ ಹಿರಿಸೊಸೆ ನಾನು, ನೀವು ತೀರಿಕೊಂಡ ಮೇಲೆ ಮುಂಬಯಿಯ ಗ್ರಾಂಟ್ ರೋಡಿನ ನಮ್ಮ ಹೋಟೆಲಿನ ಯಜಮಾನಿ. ನಾನು ಗಲ್ಲಾದ ಹತ್ತಿರ ಬಂದರೆ ಮಗನೂ ಎದ್ದು ನಿಲ್ಲುತ್ತಾನೆ. ಅಂಥವಳು ಮೊನ್ನೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಿದೆ.

ಕೆಲಸದವರಲ್ಲಿ ಯಾರಿಗಾದರೂ ಜ್ವರ ಬಂದರೆ ನೀವೇ ಶಾಲು ಹೊದೆಸಿ ಊರಿನ ಬಸ್ಸು ಹತ್ತಿಸುತ್ತಿದ್ದುದು ನೆನಪಿದೆಯೇ? “ತಾಯಿ ಕೈಯ ಗಂಜಿ ಕುಡಿಯಲಿ ಮಾರಾಯ್ತಿ, ಇಲ್ಲಿ ಯಾರು ನೋಡ್ತಾರೆ ಅವನನ್ನು” ಎನ್ನುತ್ತಿದ್ದಿರಿ. ಆ ಪದ್ಧತಿಯನ್ನು ನಾನು ಬಿಡಲಿಲ್ಲ. ಟಿಕೆಟ್ ತೆಗೆಸುವುದನ್ನು ಉಳಿಸಿಕೊಂಡೆ, ಶಾಲು ಹೊದೆಸುವುದನ್ನು…

ಈಗ ನಮ್ಮ ಗಲ್ಲಿಯಲ್ಲಿ ಮಲೇರಿಯಾ. ಅಂಗಡಿ, ಹೋಟೆಲಿನವರೆಲ್ಲ ಸಭೆ ಸೇರಿದ್ದೆವು. ಮುನಿಸಿಪಾಲಿಟಿಯವರು ಸಂಖ್ಯೆ ಮುಚ್ಚಿಡುತ್ತಿದ್ದಾರೆ ಎಂದರು ಕೆಲವರು. ನಾನು ಎದ್ದು ನಿಂತೆ. “ಮುಚ್ಚಿಡುವುದಲ್ಲ, ಉಬ್ಬಿಸುವುದು. ನಮ್ಮನ್ನು ಹೆದರಿಸಲಿಕ್ಕೆ. ನನ್ನ ಹೋಟೆಲಲ್ಲಿ ಒಬ್ಬನಿಗೂ ಮಲೇರಿಯಾ ಇಲ್ಲ.” ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ಮೊಮ್ಮಗಳು ಶ್ರಾವ್ಯ ತನ್ನ ತುಂಡು ಕನ್ನಡದಲ್ಲಿ, “ಕೈಸೇ ಇರ್ತದೆ ಅಜ್ಜಿ? ನಮ್ಮ ಮಲೇರಿಯಾ ಸ್ಲೀಪರ್ ಕೋಚಲ್ಲಿ ಊರಿಗೆ ಹೋಗ್ತದಲ್ಲ” ಎಂದಳು. ಕನ್ನಡ ಬಲ್ಲವರು ನಕ್ಕರು. ಉಳಿದವರಿಗೆ ಅವರೇ ಹಿಂದಿಯಲ್ಲಿ ತಿಳಿಸಿ ನಗಿಸಿದರು.

ದೋಸೆಯವ, ಟೇಬಲ್ ಒರೆಸುವವ, ಪಾತ್ರೆಯವ… ಎಲ್ಲರನ್ನೂ ನಾನೇ ಬಸ್ಸು ಹತ್ತಿಸಿದ್ದೆ. ಅವರ ರಕ್ತವನ್ನು ಇಲ್ಲಿ ಯಾರೂ ಪರೀಕ್ಷೆ ಮಾಡಲಿಲ್ಲ, ಇಲ್ಲಿಯ ಲೆಕ್ಕಕ್ಕೆ ಅವರು ಬರಲೇ ಇಲ್ಲ. ಸುಳ್ಳು ಯಾರದು ಅತ್ತೆ?

ಹೋಟೆಲಿಗೆ ಮರಳಿದಾಗ ಸಾಂಬಾರು ಮಾಡುವ ಸದಾನಂದ ಚೀಲ ಕಟ್ಟಿಕೊಂಡು ನಡುಗುತ್ತ ಕೂತಿದ್ದ.

“ಅಮ್ಮ, ಟಿಕೆಟ್ ಆಯ್ತಾ?”

“ಊರಲ್ಲಿ ಯಾರು ನೋಡ್ಕೊಳ್ತಾರೆ ನಿನ್ನನ್ನು?”

“ಯಾರೂ ಇಲ್ಲ. ತಾಯಿ ಹೋಗಿ ವರ್ಷ ಆಯ್ತಲ್ಲ. ಆದರೆ ಜ್ವರ ಬಂದವ ಇಲ್ಲಿಂದ ಹೋಗ್ಬೇಕಲ್ಲ ಅಮ್ಮ.”

ಅವನ ತಾಯಿ ತೀರಿಕೊಂಡಾಗ ರಜೆ ಕೊಟ್ಟವಳೇ ನಾನು. ಮರೆತಿದ್ದೆ. ನೀವಾಗಿದ್ದರೆ ಮರೆಯುತ್ತಿದ್ದಿರಾ?

ಟ್ಯಾಕ್ಸಿಯಲ್ಲಿ ಅವನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವಿಳಾಸ ಕೇಳಿದಾಗ ಹೋಟೆಲಿನದೇ ಕೊಟ್ಟೆ. ಊರಿಗೆ ಹೋದವರ ಹೆಸರನ್ನೂ ಹೇಳಿದೆ. ಅವನ ರಕ್ತದಲ್ಲಿ ಮಲೇರಿಯಾ ಸಿಕ್ಕಿತು. ಮರುದಿನ ಬಂದು ನೋಡಿದ ಮುನಿಸಿಪಾಲಿಟಿಯವರಿಗೆ ನಮ್ಮ ಟೆರೇಸಿನ ಮುಚ್ಚಳವಿಲ್ಲದ ನೀರಿನ ಟಾಂಕಿಯಲ್ಲಿ ಸೊಳ್ಳೆಯ ಮರಿಗಳು ಸಿಕ್ಕವು.

ನೀವು ಒಂದು ದಿನವೂ ಇಳಿಸದ ಶಟರನ್ನು ನಾನು ಇಳಿಸಿದ್ದೇನೆ. ಇಲ್ಲಿ ಮಲೇರಿಯಾ ಇದೆ ಎಂದು ಅದರ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿದ್ದೇನೆ. ಆಸ್ಪತ್ರೆಯಿಂದ ಬಂದ ಸದಾನಂದ ಮನೆಯಲ್ಲಿ, ನಿಮ್ಮ ಕೋಣೆಯಲ್ಲಿ ಮಲಗಿದ್ದಾನೆ. ನಿಮ್ಮ ಶಾಲು ಹೊದೆಸಿದ್ದೇನೆ. ಗಂಜಿ ನಾನೇ ಮಾಡಿ ಕೊಟ್ಟೆ.