ಹಿಂದಿನ ಎರಡು ಸ್ಪೀಕರು

ಮಂಗಳವಾರ, ೧೮ ನವೆಂಬರ್ ೨೦೨೫. ಹುಮನಾಬಾದ.

ಚೀಲ ಬಿಚ್ಚಿದರೆ ಹಿಂದಿನ ಎರಡು ಸ್ಪೀಕರುಗಳ ವೈರು ಸುತ್ತಿದ ಹಾಗೆಯೇ ಇದೆ. ಇವತ್ತು ಬಸವಕಲ್ಯಾಣದಲ್ಲಿ ವೈಜನಾಥರ ಮನೆಗೆ ಹೋಂ ಥಿಯೇಟರ್ ಕೂಡಿಸಿ ಬಂದೆ. ಸ್ಪೀಕರುಗಳನ್ನು ಗೋಡೆಗೆ ಹಾಕಿದೆ, ಚಹಾ ಕುಡಿದೆ, ಹಿಂದಿನವಕ್ಕೆ ವೈರು ಎಳೆಯುವುದನ್ನೇ ಮರೆತೆ.

ನಾಚಿಕೆ ಮರೆತದ್ದಕ್ಕಲ್ಲ, ಆಮೇಲೆ ಆಡಿದ ಮಾತಿಗೆ. ಹೆಲಿಕಾಪ್ಟರ್ ಹಾರುವ ಸೀನು ಹಚ್ಚಿ, "ಈಗ ತಲಿ ಮ್ಯಾಲಿಂದ ಹಿಂದಕ್ಕ ಹೋಗ್ತದ, ಕೇಳ್ರಿ" ಎಂದೆ. ವೈಜನಾಥರು ತಿರುಗಿಯೇ ನೋಡಿದರು. "ಖರೇನ ಹಿಂದ ಹೋಯ್ತು ನೋಡ್ರಿ" ಎಂದರು. ಅವರ ಹೆಂಡತಿಗೂ ಕೇಳಿಸಿತಂತೆ. ನಿಜ ಹೇಳಬೇಕೆಂದರೆ ನನಗೂ ಕೇಳಿಸಿತು.

ಅವರ ತಾಯಿ ಶಕುಂತಲಾಬಾಯಿ ಮಾತ್ರ, "ಎಲ್ಲಾ ಮುಂದಿಂದೇ ಬರಾಕತ್ತದಲ್ಲಪಾ. ಹಿಂದಿನವು ಸುಮ್ನ ಕುಂತಾವ" ಎಂದರು. ನಲವತ್ತು ವರ್ಷ ಭಜನೆಯಲ್ಲಿ ಮುಂದೆ ಕುಳಿತು ಹಾಡಿದವರು. ಹಿಂದೆ ಯಾರ ತಾಳ ತಪ್ಪಿದರೂ ತಿರುಗಿ ನೋಡದೆ ಹೆಸರು ಹೇಳುತ್ತಾರೆಂದು ಚಹಾ ಕುಡಿಯುವಾಗ ಮಗನೇ ಹೇಳಿದ್ದರು. ಆದರೂ ನಾನು ಎದ್ದು ನೋಡಲಿಲ್ಲ. "ವಯಸ್ಸಾದ ಮ್ಯಾಲ ಹಿಂದಿನ ಸಪ್ಪಳ ಮೊದಲ ಹೋಗ್ತದರಿ, ಆಯಿ" ಎಂದುಬಿಟ್ಟೆ, ದೊಡ್ಡ ಡಾಕ್ಟರನ ಹಾಗೆ. ಎಲ್ಲರೂ ನಕ್ಕರು.

ಅವರು ನಗಲಿಲ್ಲ. ಎರಡೂ ಕಿವಿಗೆ ಬೆರಳು ಹಾಕಿ ತಿರುವಿಕೊಂಡು, ಇನ್ನೊಮ್ಮೆ ಕೇಳಿ, "ಇರಬೇಕು ಬಿಡಪಾ" ಎಂದರು.

ನಾಳೆ ಹೋಗಿ ವೈರು ಎಳೆಯಬಹುದು, ಅರ್ಧ ತಾಸಿನ ಕೆಲಸ. ಆದರೆ ನಾನು ಚಪ್ಪಲಿ ಮೆಟ್ಟುವಾಗ ಅವರು ಮಗನಿಗೆ ಹೇಳುತ್ತಿದ್ದರು: "ಸೋಮವಾರದ ಭಜನಿಗೆ ಇನ್ನ ನಾ ಹಿಂದ ಕೂಡ್ತೀನಿ. ಮುಂದ ಬ್ಯಾರೆ ಯಾರರ ಕೂಡ್ಲಿ."